ಕಾಸು ನುಂಗುವ ಯಂತ್ರಗಳು

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಬ್ಯಾಂಕಿನ ಗುಮಾಸ್ತನೊಬ್ಬ ಭಾಷಣಕ್ಕೆ ನಿಂತನೆಂದರೆ ಠೇವಣಿ, ಬಡ್ಡಿ, ಉಳಿತಾಯ ಇವುಗಳ ವಿಷಯವಾಗಿ ಏನಾದರೂ ಹೇಳಿಯಾನು ಎಂದು ತಾವು ಎಣಿಸಿದ್ದರೆ ಅದು ಸಹಜವೇ. ನಾನು ಹೇಳಹೊರಟಿರುವುದೂ ದುಡ್ಡಿನ ವಿಚಾರವೇ ಸರಿ. ಆದರೆ ಬಡ್ಡಿ ತರುವ ದುಡ್ಡಲ್ಲ. ಯಂತ್ರದ ಬಾಯಿಗೆ ಬಿದ್ದು ಠಣ್ ಎನ್ನುವ ಚಿಲ್ಲರೆ ಕಾಸು.

ಅಮೆರಿಕ, ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿ ಹಳೆಯ ಮಿಠಾಯಿ ಯಂತ್ರಗಳನ್ನು ಕೂಡಿಡುವ ಹವ್ಯಾಸವೊಂದುಂಟು. ಮೇಲೆ ಗಾಜಿನ ಬುರುಡೆ, ಅದರ ತುಂಬ ಬಣ್ಣಬಣ್ಣದ ಗೋಲಿಮಿಠಾಯಿ. ಕೆಳಗೆ ಎರಕದ ಕಬ್ಬಿಣದ ಪೀಠ. ನಡುವೆ ಕಾಸು ಹಾಕುವ ಸೀಳು ಮತ್ತು ತಿರುಗಿಸುವ ಹಿಡಿ. ಒಂದು ಕಾಸು ಹಾಕಿ ಹಿಡಿ ತಿರುಗಿಸಿದರೆ ಒಂದು ಹಿಡಿ ಮಿಠಾಯಿ ಬೀಳುತ್ತದೆ. ಇಂಥವನ್ನು ಗುಜರಿಯಿಂದ ಹುಡುಕಿ ತಂದು, ತುಕ್ಕು ತೆಗೆದು, ಮತ್ತೆ ನಡೆಯುವಂತೆ ಮಾಡುವುದರಲ್ಲಿ ಜನ ಆಯುಷ್ಯವನ್ನೇ ಕಳೆಯುತ್ತಾರೆ. ನಮ್ಮ ದೇಶದಲ್ಲಿ ಮಿಠಾಯಿ ಕೊಡಲು ಯಂತ್ರ ಏಕೆ ಬೇಕು? ಬೀದಿಯ ಮೂಲೆಯ ಅಂಗಡಿಯವನು ಭರಣಿಯ ಮುಚ್ಚಳ ತೆಗೆದು ಪೆಪ್ಪರಮೆಂಟು ಕೊಡುತ್ತಿದ್ದ. ಜೊತೆಗೆ ಮನೆಯವರ ಕ್ಷೇಮಸಮಾಚಾರವನ್ನೂ ಕೇಳುತ್ತಿದ್ದ. ಯಂತ್ರಕ್ಕೆ ಅದು ಸಾಧ್ಯವಿಲ್ಲ. ಆದರೆ ಆ ಮಿಠಾಯಿ ಯಂತ್ರದ ಒಡಹುಟ್ಟೊಂದು ನಮ್ಮಲ್ಲಿಯೂ ಇತ್ತು. ತಾವೆಲ್ಲರೂ ಅದರ ಮೇಲೆ ಹತ್ತಿ ನಿಂತವರೇ. ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಬಣ್ಣದ ದೀಪಗಳನ್ನು ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರ ಅದು. ಆಳೆತ್ತರದ ಪೆಟ್ಟಿಗೆ, ಗಾಜಿನ ಹಿಂದೆ ಗರಗರ ತಿರುಗುವ ಚಕ್ರ. ಚಕ್ರ ನಿಂತ ಮೇಲೆ ಕಾಸು ಹಾಕಬೇಕು. ರೈಲು ಟಿಕೇಟಿನಂಥದೇ ದಪ್ಪ ರಟ್ಟಿನ ಚೀಟಿಯೊಂದು ಬಟ್ಟಲಿಗೆ ಬೀಳುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ; ಇನ್ನೊಂದರಲ್ಲಿ ಭವಿಷ್ಯದ ಒಂದು ಸಾಲು, ಇಲ್ಲವೆ ಸಿನೆಮಾ ತಾರೆಯ ಚಿತ್ರ. ತೂಕ ಹೆಚ್ಚಾದವರು ಭವಿಷ್ಯ ಓದಿ ಸಮಾಧಾನಪಡುತ್ತಿದ್ದರು.

ಕಾಸು ಹಾಕಿ ಪದಾರ್ಥ ಪಡೆಯುವ ಉಪಾಯ ಹೊಸದೇನಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ಪಟ್ಟಣದ ಹೀರೋ ಎಂಬ ವಿದ್ವಾಂಸ ದೇವಾಲಯಕ್ಕಾಗಿ ತೀರ್ಥ ಕೊಡುವ ಯಂತ್ರವೊಂದನ್ನು ವರ್ಣಿಸಿದ್ದಾನೆ. ಭಕ್ತ ಹಾಕಿದ ನಾಣ್ಯ ಸನ್ನೆಗೋಲಿನ ತುದಿಯ ತಟ್ಟೆಗೆ ಬೀಳುತ್ತದೆ. ಆ ತುದಿ ಕುಸಿದಾಗ ಇನ್ನೊಂದು ತುದಿ ಎದ್ದು ನೀರಿನ ಬಾಯಿ ತೆರೆಯುತ್ತದೆ. ತಟ್ಟೆ ಓರೆಯಾಗಿ ನಾಣ್ಯ ಜಾರಿದೊಡನೆ ನೀರು ನಿಲ್ಲುತ್ತದೆ. ಇದನ್ನು ಓದಿದಾಗ ನನಗೆ ನೆನಪಿಗೆ ಬಂದದ್ದು ನಮ್ಮ ಕರ್ನಾಟಕದ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿ, ಕ್ಯಾನು ಒಡ್ಡಿ ನಿಂತರೆ ಇಪ್ಪತ್ತು ಲೀಟರು ನೀರು. ಎರಡು ಸಾವಿರ ವರ್ಷದಲ್ಲಿ ದೇವಸ್ಥಾನ ಹೋಗಿ ಪಂಚಾಯಿತಿ ಬಂದಿದೆ. ವ್ಯವಹಾರ ಮಾತ್ರ ಅದೇ.

ನಮ್ಮ ಕಾಲದ ಯಂತ್ರಗಳ ವಂಶ ಶುರುವಾದದ್ದು 1880ರ ದಶಕದಲ್ಲಿ. ಇಂಗ್ಲೆಂಡಿನ ಪರ್ಸಿವಲ್ ಎವರಿಟ್ ಎಂಬಾತ 1883ರಲ್ಲಿ ಅಂಚೆ ಕಾರ್ಡು ಮಾರುವ ಯಂತ್ರವನ್ನು ಲಂಡನ್ನಿನಲ್ಲಿ ನಿಲ್ಲಿಸಿದ. ಕಾಸು ಹಾಕಿದರೆ ತೂಕ ತೋರಿಸುವ ಯಂತ್ರಕ್ಕೆ 1885ರಲ್ಲಿ ಹಕ್ಕುಪತ್ರ ಪಡೆದವನೂ ಅವನೇ. 1887ರ ಹೊತ್ತಿಗೆ ಜರ್ಮನಿಯ ಸ್ಟೋಲ್‌ವೆರ್ಕ್ ಕಂಪನಿ ಯಂತ್ರಗಳ ಮೂಲಕ ಚಾಕೊಲೇಟು ಮಾರತೊಡಗಿತು. 1888ರಲ್ಲಿ ಥಾಮಸ್ ಆಡಮ್ಸ್ ಎಂಬವನ ಕಂಪನಿ ನ್ಯೂಯಾರ್ಕಿನ ಎತ್ತರದ ರೈಲು ದಾರಿಯ ಪ್ಲಾಟ್‌ಫಾರಮ್ಮುಗಳಲ್ಲಿ ಅಗಿಯುವ ಗಮ್ಮಿನ ಯಂತ್ರಗಳನ್ನು ಇಟ್ಟಿತು. ಮಿಠಾಯಿ ಯಂತ್ರವೂ ತೂಕದ ಯಂತ್ರವೂ ಹೀಗೆ ಬೆನ್ನಿಗೆ ಬಿದ್ದವರು. ಎರಡೂ ಬೆಳೆದದ್ದು ರೈಲ್ವೆ ನಿಲ್ದಾಣದ ನೆರಳಿನಲ್ಲಿ. ಗಾಡಿ ಕಾಯುವವನ ಕೈಯಲ್ಲಿ ಹೊತ್ತೂ ಇರುತ್ತದೆ, ಜೇಬಿನಲ್ಲಿ ಚಿಲ್ಲರೆಯೂ ಇರುತ್ತದೆ. ತುಂಟರು ಸೀಳಿನೊಳಗೆ ಕಾಗದ, ಕಿತ್ತಳೆ ಸಿಪ್ಪೆ ತುರುಕುವ ಚಾಳಿಯೂ ಅಷ್ಟೇ ಹಳೆಯದು. ಎವರಿಟ್ಟನೇ ಅದನ್ನು ತಪ್ಪಿಸಲು ಉಪಾಯ ಹುಡುಕಬೇಕಾಯಿತು.

ಹೊತ್ತಿನ ಮಾತು ಬಂದದ್ದರಿಂದ ಇಗತಪುರಿಯನ್ನು ಹೇಳಲೇಬೇಕು. ನಾನು ಕೆಲಸ ಮಾಡುವ ಊರು ಅದು. ಕಸಾರಾದಿಂದ ಇಗತಪುರಿಗೆ ಥಳ ಘಾಟಿನ ರೈಲು ದಾರಿ ತೆರೆದದ್ದು 1865ರ ಜನವರಿ 1ರಂದು. ಮೂವತ್ತೇಳು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೇರುವ ದಾರಿ. ಮುಂಬಯಿಯಿಂದ ಬರುವ ಗಾಡಿಗೆ ಕಸಾರಾದಲ್ಲಿ ಹಿಂದಿನಿಂದ ನೂಕುವ ಇಂಜಿನ್ನುಗಳನ್ನು ಕಟ್ಟುತ್ತಾರೆ. ಅವನ್ನು ಬಿಚ್ಚುವುದು ಇಗತಪುರಿಯಲ್ಲಿ. ಇಳಿದು ಹೋಗುವ ಗಾಡಿಗಳ ಬ್ರೇಕು ಪರೀಕ್ಷೆಯೂ ಇಲ್ಲಿಯೇ. ಇಷ್ಟೂ ಸಾಲದೆಂಬಂತೆ ಮುಂಬಯಿ ಕಡೆಯ 1,500 ವೋಲ್ಟಿನ ನೇರ ವಿದ್ಯುತ್ತಿಗೂ ಈಚೆ ಕಡೆಯ 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿಗೂ ಬಹುಕಾಲ ಇಗತಪುರಿಯೇ ಗಡಿಯಾಗಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಆ ದಾರಿಯೂ ಪರ್ಯಾಯ ವಿದ್ಯುತ್ತಿಗೆ ಬದಲಾಗುವ ತನಕ ಗಾಡಿಗಳು ಇಲ್ಲಿ ಇಂಜಿನ್ ಬದಲಾಯಿಸಿಕೊಂಡೇ ಹೋಗಬೇಕಾಗಿತ್ತು. ಪ್ರಯಾಣಿಕರು ಇಳಿದು ವಡಾ ಪಾವ್ ತಿಂದು, ಚಹ ಕುಡಿದು, ಆಮೇಲೂ ಹೊತ್ತು ಉಳಿದರೆ ತೂಕ ನೋಡಿಕೊಳ್ಳುತ್ತಿದ್ದರು. ತಿನ್ನುವ ಮೊದಲು ನೋಡಿಕೊಂಡವರು ಜಾಣರು.

ನನಗೆ ಸಿಕ್ಕಿದ ಯಂತ್ರ ಈ ದಾರಿಯ ನಿಲ್ದಾಣಗಳಲ್ಲಿ ದುಡಿದದ್ದು. ಅದರ ಯಜಮಾನರು ಇಗತಪುರಿಯವರು. ಕೆಲವು ತೂಕದ ಯಂತ್ರಗಳನ್ನು ಗುತ್ತಿಗೆಯ ಮೇಲೆ ಇಟ್ಟು ನಡೆಸುತ್ತಿದ್ದವರು. ವಾರಕ್ಕೊಮ್ಮೆ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ, ಪೆಟ್ಟಿಗೆ ತೆರೆದು, ಕಾಸನ್ನು ಚೀಲಕ್ಕೆ ಸುರಿದುಕೊಂಡು, ಚೀಟಿಯ ಕಟ್ಟು ತುಂಬಿ ಬರುತ್ತಿದ್ದರು. ಅವರು ತೀರಿಕೊಂಡು ವರ್ಷಗಳಾದುವು. ಎಂಬತ್ತು ದಾಟಿದ ಅವರ ಹೆಂಡತಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದೇ ಒಂದು ಯಂತ್ರವನ್ನು ಉಳಿಸಿಕೊಂಡಿದ್ದರು. ಉಳಿದವು ಗುಜರಿಗೆ ಹೋಗಿದ್ದುವು. ಇದಕ್ಕೂ ಗುಜರಿಯವನು ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿಯಾಗಿತ್ತು. ತೂಕದ ಯಂತ್ರವನ್ನು ತಕ್ಕಡಿಗೆ ಹಾಕಿ ತೂಗುವ ಪ್ರಸಂಗ ನನಗೇಕೋ ಸಹಿಸಲಿಲ್ಲ. ಅವನು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಡುತ್ತೇನೆಂದೆ. ಆಕೆ ಒಪ್ಪಿದರು. ಆದರೆ ಒಂದು ಮಾತು ಹೇಳಿದರು: “ಇದು ಸರಿಯಾದ ತೂಕ ತೋರಿಸುತ್ತದೋ ಇಲ್ಲವೋ, ರಿಪೇರಿ ಆದಮೇಲೆ ನನಗೆ ಬಂದು ಹೇಳಬೇಕು, ಮಗಾ.”

ಇದರ ಹಿಂದೆ ನೋವೊಂದಿತ್ತು. ಪ್ಲಾಟ್‌ಫಾರಮ್ಮಿನ ತೂಕದ ಯಂತ್ರವೆಂದರೆ ಜನಕ್ಕೆ ತಮಾಷೆ. ಈ ಕೊನೆಯ ಯಂತ್ರ ಅರವತ್ತು ಎಂದರೆ ಆ ಕೊನೆಯದು ಅರವತ್ತಮೂರು ಎನ್ನುತ್ತದೆ ಎಂದು ಎಲ್ಲರೂ ನಗುತ್ತಿದ್ದರು. ಊರಿನಲ್ಲಿ ಅವರನ್ನು ‘ಸುಳ್ಳು ತಕ್ಕಡಿಯವರು’ ಎಂದು ಹೆಸರಿಟ್ಟು ಕರೆದವರೂ ಇದ್ದರಂತೆ. ಮನುಷ್ಯ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಆಕೆ ಮಾತ್ರ ಮರೆತಿರಲಿಲ್ಲ.

ಯಂತ್ರ ತೆರೆಯಲು ನನ್ನ ಬಿ.ಕಾಂ. ಏನೂ ನೆರವಾಗಲಿಲ್ಲ. ರೈಲ್ವೆಯ ಇಂಜಿನ್ ಶೆಡ್ಡಿನಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಪಿಂಚಣಿಗಾಗಿ ನನ್ನ ಕೌಂಟರಿಗೆ ಬರುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರು ನನ್ನನ್ನು, ಎಷ್ಟು ಬೇಡವೆಂದರೂ, ಸಾಹೇಬ ಎನ್ನುತ್ತಾರೆ. ಈಗ ಅವರಿಗೆ ಎಪ್ಪತ್ತನಾಲ್ಕು. ಕಣ್ಣು ಮಂಜಾಗಿದೆ, ಬೆರಳು ಮಾತ್ರ ಇನ್ನೂ ನೋಡಬಲ್ಲದು. ಭಾನುವಾರಗಳಲ್ಲಿ ನಾವಿಬ್ಬರೂ ಕೂತು ಬಿಚ್ಚತೊಡಗಿದೆವು. ಅವರು ಮರಾಠಿಯಲ್ಲಿ ಹೇಳಿದ್ದನ್ನೆಲ್ಲ ನಾನು ಕನ್ನಡದಲ್ಲಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತ ಬಂದೆ. ಬಿಚ್ಚುವ ಮೊದಲು ಚಿತ್ರ ಬರೆ. ಪ್ರತಿಯೊಂದು ತಿರುಪನ್ನೂ ಅದು ಬಂದ ತೂತಿನ ಹೆಸರಿನ ಡಬ್ಬಿಗೇ ಹಾಕು. ಬಾರದ ತಿರುಪಿನ ಮೇಲೆ ಸಿಟ್ಟಾಗಬೇಡ, ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿ. ಈ ಮೂರು ಮಾತು ಮೊದಲ ಪುಟದಲ್ಲಿವೆ.

ಒಳಗಿನ ರಚನೆ ನೋಡಿದರೆ ಕಣ್ಣು ತಣಿಯುತ್ತದೆ. ನಾವು ನಿಲ್ಲುವ ಹಲಗೆಯ ಕೆಳಗೆ ಉದ್ದನೆಯ ಸನ್ನೆಗೋಲುಗಳಿವೆ. ಅವು ಕೂತಿರುವುದು ಚಾಕುವಿನ ಬಾಯಿಯಂಥ ಉಕ್ಕಿನ ಅಲಗಿನ ಮೇಲೆ; ಉಜ್ಜಾಟ ಕಡಮೆಯಾಗಬೇಕೆಂದು ಹಾಗೆ. ನಮ್ಮ ಮೈಭಾರ ಈ ಸನ್ನೆಗೋಲುಗಳಲ್ಲಿ ಹಾದು, ತನ್ನ ಒಂದು ಸಣ್ಣ ಪಾಲಿನಷ್ಟಾಗಿ, ನೆಟ್ಟಗೆ ನಿಂತ ಕಂಬಿಯೊಂದನ್ನು ಎಳೆಯುತ್ತದೆ. ಕಂಬಿ ಸ್ಪ್ರಿಂಗನ್ನು ಹಿಗ್ಗಿಸುತ್ತದೆ. ಹಿಗ್ಗಿದಷ್ಟೂ ಅಂಕಿಗಳ ಚಕ್ರ ತಿರುಗುತ್ತದೆ. ಅಂಚಿನಲ್ಲಿ ಅಚ್ಚಿನ ಮೊಳೆಯಂತೆ ಉಬ್ಬಿದ ಅಂಕಿಗಳು. ಇಷ್ಟೂ ಆಗುವುದು ನಾವು ಕಾಲಿಟ್ಟ ಮಾತ್ರಕ್ಕೆ. ಕಾಸಿಗೂ ತೂಗುವುದಕ್ಕೂ ಸಂಬಂಧವಿಲ್ಲ! ಕಾಸು ಮಾಡುವುದು ಒಂದೇ ಕೆಲಸ: ಚಕ್ರವನ್ನು ಹಿಡಿದು ನಿಲ್ಲಿಸಿ, ಕಟ್ಟಿನ ಅಡಿಯಿಂದ ಒಂದು ಚೀಟಿಯನ್ನು ತಳ್ಳಿ, ಶಾಯಿಪಟ್ಟಿಯ ಮೇಲೆ ಒತ್ತಿ, ಬಟ್ಟಲಿಗೆ ಬೀಳಿಸುವ ಚಿಟಿಕೆಯನ್ನು ಬಿಡಿಸುವುದು. ನಮ್ಮ ತೂಕ ಯಂತ್ರಕ್ಕೆ ಮೊದಲೇ ಗೊತ್ತಾಗಿರುತ್ತದೆ. ಹೇಳಲಿಕ್ಕೆ ಕಾಸು ಕೇಳುತ್ತದೆ, ಅಷ್ಟೆ. ಅನೇಕ ಸಲಹೆಗಾರರ ರೀತಿಯೂ ಇದೇ.

ಇಗತಪುರಿಯ ಮಳೆ ತಾವು ಬಲ್ಲಿರಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಊರಿನಲ್ಲಿ ಕಬ್ಬಿಣವನ್ನು ಕೊಟ್ಟಿಗೆಯಲ್ಲಿಟ್ಟರೆ ಏನಾಗಬೇಕೋ ಅದೇ ಆಗಿತ್ತು. ಹೊರಗಿನ ತಗಡಿನ ತುಕ್ಕು ದೊಡ್ಡದಾಗಿ ಕಂಡರೂ ಅದು ಮುಖ್ಯವಲ್ಲ. ಹೊಸಬರು ಮೊದಲು ಅದಕ್ಕೇ ಕೈಹಾಕಿ, ಉಜ್ಜುಕಾಗದ ಹಿಡಿದು ತಿಕ್ಕಿ, ಹಳೆಯ ಬಣ್ಣ, ಬರಹ, ಚಿತ್ತಾರಗಳನ್ನೆಲ್ಲ ಅಳಿಸಿ, ಮೇಲೆ ಹೊಳೆಯುವ ಕೆಂಪು ಬಣ್ಣ ಬಳಿದುಬಿಡುತ್ತಾರೆ. ಮುದುಕನಿಗೆ ಮದುಮಗನ ವೇಷ ಹಾಕಿದಂತೆ! ಗಟ್ಟಿಯಾಗಿರುವ ಹಳೆಯ ಬಣ್ಣವನ್ನು ಮುಟ್ಟಬಾರದು. ಸಡಿಲವಾದ ತುಕ್ಕನ್ನಷ್ಟೇ ತೆಗೆದು, ತೆಳುವಾಗಿ ಮೇಣ ಹಚ್ಚಿದರೆ ಸಾಕು. ಸಣ್ಣ ಭಾಗಗಳ ತುಕ್ಕಿಗೆ ನೀರು ಬೆರೆಸಿದ ವಿನೆಗರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು, ಆಮೇಲೆ ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಬೇಕು. ಕಾಸು ಜಾರುವ ದಾರಿಗೆ ಮಾತ್ರ ಎಣ್ಣೆ ಕೂಡದು. ಎಣ್ಣೆ ಧೂಳನ್ನು ಕರೆಯುತ್ತದೆ, ಧೂಳು ಕಾಸನ್ನು ಹಿಡಿಯುತ್ತದೆ. ಪೆನ್ಸಿಲಿನ ಸೀಸದ ಪುಡಿ, ಅಂದರೆ ಗ್ರಾಫೈಟು, ಅಲ್ಲಿಗೆ ಸರಿಯಾದ ಮದ್ದು.

ತೂಕ ತಪ್ಪಿದ್ದಕ್ಕೆ ಕಾರಣ ಸಿಕ್ಕಿದ್ದು ಅಲಗುಗಳಲ್ಲಿ. ಪ್ಲಾಟ್‌ಫಾರಮ್ಮಿನ ಧೂಳೂ ಗ್ರೀಸೂ ಕೂಡಿ ಅಲಗು ಕೂರುವ ತೋಡುಗಳಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದುವು. ಅಲಗು ತನ್ನ ಜಾಗದಲ್ಲಿ ಕೂರದೆ ಒಂದಿಷ್ಟು ಸರಿದಿತ್ತು. ಸನ್ನೆಗೋಲಿನಲ್ಲಿ ಆಸರೆ ಕೂದಲೆಳೆಯಷ್ಟು ಸರಿದರೂ ಆ ಕೊನೆಯಲ್ಲಿ ಕಿಲೋಗಳ ವ್ಯತ್ಯಾಸವಾಗುತ್ತದೆ. ಯಾರ ಮೋಸವೂ ಅಲ್ಲ. ದಿನಾ ಸಾವಿರಾರು ಜನರ ಚಪ್ಪಲಿಯಿಂದ ಉದುರಿದ ಮಣ್ಣು. ಕಾಕಾ ಅದನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದರು. ಲೋಹದ ಕಡ್ಡಿ ಮುಟ್ಟಿಸಗೊಡಲಿಲ್ಲ. ಆಮೇಲೆ ಘೋಟಿಯ ಅಕ್ಕಿ ವ್ಯಾಪಾರಿಯೊಬ್ಬರಿಂದ ಮುದ್ರೆ ಹೊಡೆದ 20 ಕಿಲೋ ತೂಕದ ಬಟ್ಟುಗಳನ್ನು ಮೂರು ದಿನಕ್ಕೆ ಎರವಲು ತಂದೆವು. ಒಂದು ಇಟ್ಟೆವು: 20. ಎರಡು ಇಟ್ಟೆವು: 40. ಮೂರು ಇಟ್ಟೆವು: ಚಕ್ರ ಸ್ವಲ್ಪ ತೂಗಾಡಿ 60ರಲ್ಲಿ ನಿಂತಿತು. ಆ ಚೀಟಿಯನ್ನು ಆ ತಾಯಿಯ ಕೈಗೆ ಕೊಟ್ಟು ಬಂದೆವು. ಆಕೆ ಕನ್ನಡಕ ಹಾಕಿಕೊಂಡು ನೋಡಿ, ದೇವರ ಗೂಡಿನಲ್ಲಿದ್ದ ಗಂಡನ ಪಟದ ಹಿಂದಕ್ಕೆ ಸಿಕ್ಕಿಸಿಟ್ಟರು. ಏನೂ ಮಾತಾಡಲಿಲ್ಲ. ಚಹ ಮಾಡಿಕೊಟ್ಟರು.

ಇಷ್ಟಾದ ಮೇಲೆ ಎದ್ದ ಪ್ರಶ್ನೆಯೇ ದೊಡ್ಡದು. ಅದು ಕಾಸಿನದು, ನನ್ನ ಕಸುಬಿಗೆ ಹತ್ತಿರದ್ದು.

ಯಂತ್ರಕ್ಕೆ ನಾಣ್ಯದ ಬೆಲೆ ಗೊತ್ತಿಲ್ಲ. ಅದರ ಮೈಕಟ್ಟು ಮಾತ್ರ ಗೊತ್ತು. ಸೀಳಿನ ಉದ್ದ, ಅಗಲ ನಾಣ್ಯದ ಅಡ್ಡಳತೆಯನ್ನೂ ದಪ್ಪವನ್ನೂ ನೋಡುತ್ತವೆ. ಒಳಗೆ ಪುಟ್ಟ ತೊಟ್ಟಿಲಿನಂಥ ತಕ್ಕಡಿಯೊಂದಿದೆ. ತಕ್ಕ ಭಾರದ ನಾಣ್ಯ ಬಿದ್ದರೆ ಮಾತ್ರ ವಾಲುತ್ತದೆ. ಪಕ್ಕದಲ್ಲಿ ಒಂದು ಸೂಜಿಗಲ್ಲು. ಹುಡುಗರು ಕಬ್ಬಿಣದ ವಾಷರು ಹಾಕಿ ಮೋಸಮಾಡಿದರೆ ಅದನ್ನು ಹಿಡಿದುಕೊಳ್ಳಲು. ಅಂದಿನ ಹತ್ತು ಪೈಸೆ ನಾಣ್ಯಗಳು ತಾಮ್ರ ನಿಕಲ್ಲುಗಳ ಮಿಶ್ರಣವಾದ್ದರಿಂದ ಅವನ್ನು ಸೂಜಿಗಲ್ಲು ಸೆಳೆಯದು. ಸೆಳೆದದ್ದು ಖೋಟಾ, ಬಿಟ್ಟದ್ದು ಸಾಚಾ.

ನಮ್ಮ ಯಂತ್ರದ ಸೀಳಿನ ಹಿತ್ತಾಳೆಯ ಫಲಕವನ್ನು ಬಿಚ್ಚಿದಾಗ ಅದರ ಕೆಳಗೆ ಇನ್ನೊಂದು ಫಲಕ ಕಂಡಿತು. ಅದನ್ನೂ ಬಿಚ್ಚಿದರೆ ಮತ್ತೊಂದು! ಮೂರನ್ನೂ ಮೇಜಿನ ಮೇಲಿಟ್ಟು ಅಳೆದೆ. ಎಲ್ಲಕ್ಕೂ ಕೆಳಗಿನದು 23 ಮಿಲಿಮೀಟರಿನ ನಾಣ್ಯಕ್ಕೆ; ನಡುವಿನದು 24ಕ್ಕೆ; ಮೇಲಿನದು 25ಕ್ಕೆ. ಬ್ಯಾಂಕಿನವನಿಗೆ ಇದು ಶಾಸನ ಓದಿದ ಹಾಗೆ. ಕನ್ನಡನಾಡು ಒಂದಾದ 1956ರ ನವೆಂಬರ್ 1ರ ಬಳಿಕ ಐದೇ ತಿಂಗಳಲ್ಲಿ, 1957ರ ಏಪ್ರಿಲ್ 1ರಂದು, ಆಣೆ ಹೋಗಿ ನಯಾ ಪೈಸೆ ಬಂತು. ಆಗಿನ ಹತ್ತು ಪೈಸೆ ಅಂಚಿನಲ್ಲಿ ಎಂಟು ಬಾಗುಗಳಿದ್ದ ಚೆಂದದ ನಾಣ್ಯ; 23 ಮಿಲಿಮೀಟರು, 5 ಗ್ರಾಮು. ಅದೇ ಮೊದಲ ಫಲಕ. 1971ರಲ್ಲಿ ಹತ್ತು ಪೈಸೆ ಅಲ್ಯುಮಿನಿಯಮ್ಮಿನದಾಯಿತು. ಅಗಲ ಹೆಚ್ಚಿ, ತೂಕ ಅರ್ಧಕ್ಕಿಂತ ಕೆಳಗಿಳಿದು, ಊದಿದರೆ ಹಾರುವಂತಾಯಿತು. ತೊಟ್ಟಿಲು ಅದಕ್ಕೆ ವಾಲಲಿಲ್ಲ. ಯಜಮಾನರು ಹಳೆಯ ಹತ್ತು ಪೈಸೆ ಜನರ ಕೈಯಲ್ಲಿ ಇರುವ ತನಕ ತಳ್ಳಿ, ಆಮೇಲೆ ಎಂಟಾಣೆಗೆ ಬದಲಾಯಿಸಿದರು. ಅಂದಿನ ಐವತ್ತು ಪೈಸೆ 24 ಮಿಲಿಮೀಟರು. ತೂಕ ಅದೇ 5 ಗ್ರಾಮು. ತೊಟ್ಟಿಲನ್ನು ಮುಟ್ಟಬೇಕಾಗಲಿಲ್ಲ, ಫಲಕವೊಂದನ್ನು ಅರದಿಂದ ಉಜ್ಜಿ ಕೂರಿಸಿದರೆ ಆಯಿತು. 1992ರಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿ ಬಂತು: 25 ಮಿಲಿಮೀಟರು, 4.85 ಗ್ರಾಮು. ಮೂರನೆಯ ಫಲಕ. ಅಕ್ಷರಶಾಲೆಯಲ್ಲಿ ಹೆಚ್ಚು ಕಲಿಯದ ಆ ಮನುಷ್ಯ ಸರ್ಕಾರದ ನಾಣ್ಯಗಳೊಳಗಿಂದ ತನ್ನ ಯಂತ್ರಕ್ಕೆ ಒಗ್ಗುವ ನಾಣ್ಯವನ್ನು ಹೇಗೆ ಆರಿಸುತ್ತ ಬಂದಿದ್ದರೆಂಬುದನ್ನು ನೋಡಿ ನಾನು ಬೆರಗಾದೆ.

ಆದರೆ ಒಂದು ಇಕ್ಕಟ್ಟು. ಆ ಉಕ್ಕಿನ ನಾಣ್ಯವನ್ನು ಸೂಜಿಗಲ್ಲು ಸೆಳೆಯುತ್ತದೆ! ಖೋಟಾ ಹಿಡಿಯಲೆಂದು ಇಟ್ಟ ಕಾವಲುಗಾರ ಸಾಚಾ ನಾಣ್ಯಗಳನ್ನೇ ಹಿಡಿದು ನಿಲ್ಲಿಸತೊಡಗಿದ. ಯಜಮಾನರು ಸೂಜಿಗಲ್ಲನ್ನು ತೆಗೆದು, ಎಸೆಯದೆ, ಪೆಟ್ಟಿಗೆಯ ಒಳಮೂಲೆಯಲ್ಲಿ ಬಟ್ಟೆಸುತ್ತಿ ಕಟ್ಟಿಟ್ಟಿದ್ದರು. ಅದು ನಮಗೆ ಹಾಗೆಯೇ ಸಿಕ್ಕಿತು.

ಇದಾದ ಮೇಲಿನ ಕಥೆ ತಮಗೂ ಗೊತ್ತು. 2011ರ ಜೂನ್ 30ರಿಂದ ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ನಿಂತಿತು. ಅದೇ ವರ್ಷ ಬಂದ ಹೊಸ ರೂಪಾಯಿ 22 ಮಿಲಿಮೀಟರಿಗೂ 3.79 ಗ್ರಾಮಿಗೂ ಕುಗ್ಗಿತು. 2019ರ ಮಾದರಿ 20 ಮಿಲಿಮೀಟರು. ಆದರೆ ಬ್ಯಾಂಕಿನಲ್ಲಿ ಎಣಿಸುವವರನ್ನು ಗೋಳಾಡಿಸಿದ ವಿಚಿತ್ರವೊಂದುಂಟು: 2011ರ ಎರಡು ರೂಪಾಯಿಯ ಅಳತೆ 25 ಮಿಲಿಮೀಟರು, ತೂಕ 4.85 ಗ್ರಾಮು. ಹಳೆಯ ಒಂದು ರೂಪಾಯಿಯದೇ ಮೈಕಟ್ಟು! ಅಂದರೆ ನಮ್ಮ ಯಂತ್ರ ಏನೂ ಬದಲಾವಣೆಯಿಲ್ಲದೆ ಆ ಎರಡು ರೂಪಾಯಿಯನ್ನು ಒಂದು ರೂಪಾಯಿಯೆಂದು ನಂಬಿ ನುಂಗುತ್ತದೆ.

ಈಗ ಯಂತ್ರವನ್ನು ಯಾವ ಕಾಸಿಗೆ ಸಿದ್ಧಗೊಳಿಸಬೇಕು? ಇದು ನಮ್ಮ ಜಗಳ. ನಾನೆಂದೆ: “ಕಾಕಾ, ಇದು ಹುಟ್ಟಿದ್ದು ಹತ್ತು ಪೈಸೆಗೆ. ಮೊದಲ ಫಲಕ ಹಾಕೋಣ, ಸೂಜಿಗಲ್ಲನ್ನು ಅದರ ಜಾಗದಲ್ಲಿ ಕೂರಿಸೋಣ. ಆಗ ಅದು ಅದೇ ಯಂತ್ರ.” ಅವರೆಂದರು: “ಸಾಹೇಬ, ಹತ್ತು ಪೈಸೆ ಎಲ್ಲಿಂದ ತರುತ್ತೀರಿ? ಮಕ್ಕಳು ಬಂದರೆ ಅವರ ಜೇಬಿನಲ್ಲಿರುವ ಕಾಸು ಹಾಕಿ ಚೀಟಿ ತೆಗೆಯಬೇಕು. ಬೀಗ ಹಾಕಿ ಪೂಜೆ ಮಾಡಲಿಕ್ಕೆ ನಾನು ಇಷ್ಟು ದಿನ ಕಣ್ಣು ನೋಯಿಸಿಕೊಂಡೆನೇ?” ಎರಡನ್ನೂ ಒಟ್ಟಿಗೆ ಇಡುವಂತಿಲ್ಲ. ಸೂಜಿಗಲ್ಲು ಇದ್ದರೆ ಇಂದಿನ ನಾಣ್ಯ ಸಾಗದು. ಇಂದಿನ ನಾಣ್ಯ ಸಾಗಬೇಕಾದರೆ ಸೂಜಿಗಲ್ಲು ಇರಕೂಡದು. ಎರಡು ಭಾನುವಾರ ನಾವು ಕೆಲಸವನ್ನೇ ಮಾಡಲಿಲ್ಲ.

ವಿದೇಶದ ಸಂಗ್ರಾಹಕರೊಳಗೂ ಇದೇ ಎರಡು ಪಂಗಡಗಳುಂಟು. ಇದರಿಂದ ಪಾರಾಗುವ ಜಾಣದಾರಿ ಬಿಲ್ಲೆಯದು. ದಿಲ್ಲಿಯಲ್ಲಿ 1974ರಲ್ಲಿ ಶುರುವಾದ ಮದರ್ ಡೈರಿಯವರು ಬಿಡಿ ಹಾಲಿನ ಯಂತ್ರಗಳಿಗೆ ನಾಣ್ಯದ ಬದಲು ಟೋಕನ್ನು ಇಟ್ಟರು. ಸರ್ಕಾರ ನಾಣ್ಯವನ್ನು ಎಷ್ಟು ಸಲ ಬದಲಾಯಿಸಿದರೂ, ಹಾಲಿನ ಬೆಲೆ ಎಷ್ಟು ಏರಿದರೂ ಯಂತ್ರದ ಬಾಯಿ ಹಾಗೆಯೇ ಇರುತ್ತದೆ. ವ್ಯಾಪಾರಕ್ಕೆ ಇದು ಸೊಗಸಾದ ಉಪಾಯ. ನಮ್ಮ ಕಾಕಾ ಮಾತ್ರ, “ಬಿಲ್ಲೆ ಕೊಟ್ಟು ಆಡುವುದು ಜೂಜು” ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು.

ತೀರ್ಪು ಕೊಟ್ಟವರು ಆ ತಾಯಿಯೇ. ಮೂರು ಫಲಕಗಳನ್ನೂ ಆಕೆಗೆ ತೋರಿಸಿದೆವು. ಆಕೆ ಒಂದೊಂದನ್ನೂ ಕೈಯಲ್ಲಿ ಹಿಡಿದು, ನಡುವಿನದನ್ನು ಅರದಿಂದ ಉಜ್ಜಿದ ರಾತ್ರಿ ಮಗಳಿಗೆ ಜ್ವರ ಬಂದಿತ್ತೆಂದು ನೆನಪಿಸಿಕೊಂಡರು. “ಯಂತ್ರ ನಿಲ್ಲಬಾರದೆಂದು ತಾನೆ ಅವರು ಹೊಸ ಹೊಸದು ಹಾಕುತ್ತಿದ್ದದ್ದು? ಮೂರೂ ಅವರು ಮಾಡಿದ್ದೇ” ಎಂದರು. ಮೂಲಸ್ಥಿತಿಯೆಂದು ನಾನು ಹಿಡಿದಿದ್ದ ಹಟ ಅಲ್ಲಿಗೆ ಸಡಿಲವಾಯಿತು. ಈಗ ದಿನಬಳಕೆಗೆ 25ರ ಫಲಕ; ಎರಡು ರೂಪಾಯಿ ಹಾಕಿ ಯಾರು ಬೇಕಾದರೂ ತೂಕ ನೋಡಬಹುದು. ಮುದ್ರೆಯಿಲ್ಲದ ತಕ್ಕಡಿಯಿಂದ ಹಣ ಪಡೆದು ತೂಗುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲವಾದ್ದರಿಂದ ಹಾಕಿದ ಕಾಸನ್ನು ಪೆಟ್ಟಿಗೆಯಿಂದ ತೆಗೆದು ಹಿಂದಕ್ಕೆ ಕೊಡುತ್ತೇವೆ. ಹಳೆಯದನ್ನು ತೋರಿಸುವ ಸಂದರ್ಭ ಬಂದರೆ 23ರ ಫಲಕವನ್ನೂ ಸೂಜಿಗಲ್ಲನ್ನೂ ಹಾಕುತ್ತೇವೆ. ನಾಲ್ಕು ತಿರುಪು, ಕಾಲು ಗಂಟೆಯ ಕೆಲಸ. ಹೊಸ ತೂತು ಕೊರೆದಿಲ್ಲ, ಬೆಸುಗೆ ಹಾಕಿಲ್ಲ.

ಮಿಠಾಯಿ ಯಂತ್ರದಿಂದ ಮಾತು ಶುರುಮಾಡಿ ಅದನ್ನು ಮರೆತರೆ ತಪ್ಪಾದೀತು. ಅಂಥದೊಂದೂ ನನ್ನಲ್ಲಿದೆ. ಮುಂಬಯಿಯ ಚೋರ್ ಬಜಾರಿನಲ್ಲಿ ಸಿಕ್ಕಿದ್ದು. ಅಮೆರಿಕದ ಒಂದು ಸೆಂಟಿನದು. ಬುರುಡೆ ಒಡೆದುಹೋಗಿತ್ತು, ಹಿಡಿ ತಿರುಗುತ್ತಿರಲಿಲ್ಲ. ಇದರ ಹಂಚಿಕೆ ಇನ್ನೂ ಸರಳ. ತೊಟ್ಟಿಲಿಲ್ಲ, ತಕ್ಕಡಿಯಿಲ್ಲ. ಹಿಡಿಗೂ ಮಿಠಾಯಿ ಹೊರುವ ಹಲ್ಲುಚಕ್ರಕ್ಕೂ ನಡುವೆ ಒಂದು ಕಂದಕ; ಅದನ್ನು ತುಂಬುವುದು ಕಾಸೇ. ಅಂದರೆ ಕಾಸು ಇಲ್ಲಿ ಬೆಲೆಯಷ್ಟೇ ಅಲ್ಲ, ಯಂತ್ರದ ಒಂದು ಭಾಗ. ಅದಿಲ್ಲದಿದ್ದರೆ ಹಿಡಿ ಕದಲದು. ಸೆಂಟಿನ ಅಡ್ಡಳತೆ 19 ಮಿಲಿಮೀಟರು ಚಿಲ್ಲರೆ. ಎಲ್ಲಿಂದ ತರುವುದೆಂದು ಯೋಚಿಸುತ್ತ ಮೇಜಿನ ಸೆಳೆಖಾನೆ ತಡಕಿದರೆ 2011ರ ಎಂಟಾಣೆ ಸಿಕ್ಕಿತು: 19 ಮಿಲಿಮೀಟರು! ಹಾಕಿ ತಿರುಗಿಸಿದೆ, ತಿರುಗಿತು. ಚಲಾವಣೆ ನಿಂತುಹೋದ, ಘೇಂಡಾಮೃಗದ ಚಿತ್ರವಿರುವ ಉಕ್ಕಿನ ನಾಲ್ಕಾಣೆಯೂ 19 ಮಿಲಿಮೀಟರೇ, ಅದನ್ನೂ ಒಪ್ಪಿಕೊಂಡಿತು. ಎಂಟಾಣೆ ಕಾನೂನಿನ ಪ್ರಕಾರ ಇಂದಿಗೂ ಚಲಾವಣೆಯಲ್ಲಿರುವ ನಾಣ್ಯ, ಆದರೆ ಅಂಗಡಿಯವರು ಮುಟ್ಟುವುದಿಲ್ಲ. ನಾಲ್ಕಾಣೆಯನ್ನು ನಾವು ಕೌಂಟರಿನಲ್ಲಿ ತೆಗೆದುಕೊಳ್ಳುವಂತಿಲ್ಲ. ರಿಜರ್ವ್ ಬ್ಯಾಂಕಿನ ಸುತ್ತೋಲೆಯನ್ನು ಓದದ ಈ ಯಂತ್ರ ಎರಡಕ್ಕೂ ಒಂದೇ ಅಳತೆಯ ಮಿಠಾಯಿ ಕೊಡುತ್ತದೆ.

ಕೊನೆಗೆ ತಮ್ಮಲ್ಲಿ ಒಂದು ಬೇಡಿಕೆ. 1957ರಿಂದ 1967ರವರೆಗಿನ ತಾಮ್ರ ನಿಕಲ್ಲಿನ ಹತ್ತು ಪೈಸೆಗಳು ನಮ್ಮಲ್ಲಿ ಹನ್ನೊಂದು ಮಾತ್ರ ಇವೆ. ಅವುಗಳಲ್ಲಿ ಮೂರರ ಅಂಚು ಸವೆದು ತೊಟ್ಟಿಲು ವಾಲುವುದಿಲ್ಲ. ತಮ್ಮ ಮನೆಯ ಟ್ರಂಕಿನಲ್ಲಿ, ದೇವರ ಹುಂಡಿಯಲ್ಲಿ, ಅಜ್ಜಿಯ ಎಲೆಯಡಿಕೆ ಚೀಲದಲ್ಲಿ ಇದ್ದರೆ ದಯವಿಟ್ಟು ತಂದುಕೊಡಿ. ಹಿತ್ತಾಳೆ ಬಣ್ಣದವು 1968ರ ಬಳಿಕದವು, ಅವು ಬೇಡ. ಹಗುರವಾದ ಅಲ್ಯುಮಿನಿಯಮ್ಮಿನವೂ ಬೇಡ. ಚೀಟಿಗಳೂ ಮುಗಿದಿವೆ. ಅದೇ ದಪ್ಪದ ರಟ್ಟು ನಾಸಿಕದ ಮುದ್ರಣಾಲಯವೊಂದರಲ್ಲಿ ಸಿಕ್ಕಿದೆ. ಹಿಂಬದಿಯ ಭವಿಷ್ಯದ ಸಾಲುಗಳನ್ನು ಈ ಸಲ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅಚ್ಚು ಹಾಕಿಸುವ ಯೋಚನೆಯಿದೆ. ಸಾಲು ಚೀಟಿಯ ಅಗಲದಲ್ಲಿ ಹಿಡಿಯಬೇಕು, ಆರು ಪದ ಮೀರಬಾರದು, ಯಾರ ತೂಕವನ್ನೂ ಆಡಿಕೊಳ್ಳಬಾರದು. ಮರಾಠಿಯವನ್ನು ಕಾಕಾ ಬರೆದುಕೊಟ್ಟಿದ್ದಾರೆ. ಕನ್ನಡದವನ್ನು ಬರೆದುಕೊಡಲು ಇಚ್ಛೆಯುಳ್ಳವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು.